ಆಡಿದವರೆಲ್ಲ ಕಲಿಸಬಲ್ಲರೇ?

ಪ್ರಶ್ನೆ: ಟಿ.ವಿ.ಯಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ನೋಡುತ್ತಿರುತ್ತೇನೆ. ಗೆರೆಯಾಚೆ ನಿಂತು ಕೂಗಿ ಆಡಿಸುವ ಕೋಚ್‌ಗಳಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ತಾವೇ ಆಟಗಾರರಾಗಿದ್ದವರಂತೆ. ಆಟಗಾರ ಕೋಚ್ ಆಗುವುದು ಹೇಗೆ? ದೊಡ್ಡ ಆಟಗಾರನಾಗಿದ್ದರೆ ಮಾತ್ರ ದೊಡ್ಡ ಕೋಚ್ ಆಗಲು ಸಾಧ್ಯವೇ? ನಮ್ಮ ಕರ್ನಾಟಕದಲ್ಲಿ ಈ ಆಟ ಆಡಿದವರು ಆಮೇಲೆ ಏನು ಮಾಡುತ್ತಾರೆ? ನನ್ನ ತಂಗಿಯ ಮಗಳು ಏಳನೇ ತರಗತಿಯಲ್ಲಿದ್ದಾಳೆ, ವಯಸ್ಸಿಗೆ ಮೀರಿದ ಎತ್ತರ. ನಮ್ಮಂಥ ಊರಿನಲ್ಲಿದ್ದುಕೊಂಡು ಅವಳಿಗೆ ಈ ಆಟ ಹಚ್ಚಬಹುದೇ?
– ಓದುಗರೊಬ್ಬರು, ನಾಗಲಮಡಿಕೆ, ಪಾವಗಡ ತಾಲ್ಲೂಕು

ಉತ್ತರ: ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಒಬ್ಬರ ಬದುಕನ್ನೇ ಉತ್ತರವಾಗಿ ಮುಂದಿಡುತ್ತೇನೆ. ಅವರ ಹೆಸರು ಜೆರ್ರಿ ಸ್ಲೋನ್. ಅಮೆರಿಕದವರು. ಹೆಸರಾಂತ ಕೋಚ್‌ಗಳು ಬೇಕಾದಷ್ಟು ಜನ ಇರುವಾಗ ಅವರನ್ನೇ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಅವರು ಬೇಸಾಯದ ಮನೆಯ ಹುಡುಗ. ಆ ಮನೆಯ ಕಷ್ಟ ಏನೆಂದು ಪಾವಗಡದವರಿಗೆ ನಾನು ವಿವರಿಸಬೇಕಾಗಿಲ್ಲ. ಇನ್ನೊಂದು, ಅವರ ಕೈಕೆಳಗೆ ವರ್ಷಗಟ್ಟಲೆ ಸಹಾಯಕರಾಗಿ ದುಡಿದ ಒಬ್ಬರು ಮುಂದೆ ಭಾರತ ತಂಡಕ್ಕೇ ಕೋಚ್ ಆಗಿ ಬಂದರು.

ಸ್ಲೋನ್ ಹುಟ್ಟಿದ್ದು 1942ರಲ್ಲಿ, ಇಲಿನಾಯ್ ರಾಜ್ಯದ ಮೆಕ್‌ಲೀನ್ಸ್‌ಬರೊ ಎಂಬ ಸಣ್ಣ ಊರಿನ ಹೊರಗಿನ ಒಂದು ಹೊಲಮನೆಯಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವರು. ನಾಲ್ಕು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಅಷ್ಟೂ ಮಕ್ಕಳ ಭಾರ ತಾಯಿಯ ಮೇಲೆ ಬಿತ್ತು. ಹೈಸ್ಕೂಲಿಗೆ ಬಂದಾಗ ಈ ಹುಡುಗನ ದಿನ ಶುರುವಾಗುತ್ತಿದ್ದುದು ನಸುಕಿನ ನಾಲ್ಕೂವರೆಗೆ. ಹೊಲ, ದನಕರುಗಳ ಕೆಲಸ ಮುಗಿಸಿ, ಸುಮಾರು ಮೂರು ಕಿಲೋಮೀಟರ್ ನಡೆದು, ಏಳು ಗಂಟೆಯ ಬಾಸ್ಕೆಟ್‌ಬಾಲ್ ಅಭ್ಯಾಸಕ್ಕೆ ಹಾಜರಾಗಬೇಕಿತ್ತು. ಮೊದಲು ಸೇರಿದ್ದು ಇಲಿನಾಯ್ ವಿಶ್ವವಿದ್ಯಾಲಯವನ್ನು. ಅಷ್ಟು ದೊಡ್ಡ ಕಡೆ ಮನಸ್ಸು ನಿಲ್ಲಲಿಲ್ಲ. ಮನೆಯ ನೆನಪು ಕಾಡಿ ವಾಪಸಾದರು, ಕೆಲಕಾಲ ತೈಲಬಾವಿಗಳಲ್ಲಿ ಕೂಲಿ ಮಾಡಿದರು. ಆಮೇಲೆ ಸೇರಿದ್ದು ಇವಾನ್ಸ್‌ವಿಲ್ ಎಂಬ ಚಿಕ್ಕ ಕಾಲೇಜು. ಅಲ್ಲಿ ಅವರ ತಂಡ 1964 ಮತ್ತು 1965ರಲ್ಲಿ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿಯನ್ನು ಸತತ ಎರಡು ಬಾರಿ ಗೆದ್ದಿತು. ಹಳ್ಳಿಯಿಂದ ಬಂದ ಮಕ್ಕಳನ್ನು ನೇರವಾಗಿ ಬೆಂಗಳೂರಿನ ದೊಡ್ಡ ಸಂಸ್ಥೆಗೇ ಸೇರಿಸಬೇಕೆಂದು ಹಟ ಹಿಡಿಯುವ ಹೆತ್ತವರು ಈ ಭಾಗವನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಾಲೂರಲು ಜಾಗ ಸಿಕ್ಕಮೇಲೆಯೇ ಆಟ ಅರಳಿದ್ದು.

1965ರಲ್ಲಿ ಬಾಲ್ಟಿಮೋರ್ ತಂಡ ಅವರನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಆರಿಸಿಕೊಂಡಿತು. ಮರುವರ್ಷ ಷಿಕಾಗೊದಲ್ಲಿ ಬುಲ್ಸ್ ಎಂಬ ಹೊಸ ತಂಡ ಹುಟ್ಟಿದಾಗ ಅಲ್ಲಿಗೆ ಹೋದರು, ಆಟ ಮುಗಿಯುವತನಕ ಅಲ್ಲೇ ಉಳಿದರು. ಚೆಂಡನ್ನು ಚೆಂದವಾಗಿ ಆಡಿಸಿ ಚಪ್ಪಾಳೆ ಗಿಟ್ಟಿಸುವ ಜಾಯಮಾನ ಅವರದಲ್ಲ. ಅವರ ಕಸುಬು ಡಿಫೆನ್ಸ್. ತನಗಿಂತ ಎತ್ತರದ, ತನಗಿಂತ ತೂಕದ ಎದುರಾಳಿ ಮೈಮೇಲೆ ನುಗ್ಗಿ ಬರುವಾಗ ದಾರಿಯಲ್ಲಿ ಎರಡು ಕಾಲೂರಿ ನಿಂತು, ಡಿಕ್ಕಿ ತಿಂದು ಬಿದ್ದು, ಫೌಲನ್ನು ಅವನ ಲೆಕ್ಕಕ್ಕೆ ಹಾಕಿಸುವುದು. ಇದಕ್ಕೆ ಧೈರ್ಯ ಬೇಕು, ಅದಕ್ಕಿಂತ ಹೆಚ್ಚಾಗಿ ಎದುರಾಳಿ ಮುಂದಿನ ಹೆಜ್ಜೆ ಎಲ್ಲಿಡುತ್ತಾನೆಂದು ಅವನಿಗಿಂತ ಮುಂಚೆ ತಿಳಿದಿರಬೇಕು. ಎನ್‌ಬಿಎಯ ಅತ್ಯುತ್ತಮ ಡಿಫೆನ್ಸ್ ಆಟಗಾರರ ಮೊದಲ ಪಟ್ಟಿಯಲ್ಲಿ ನಾಲ್ಕು ಬಾರಿ ಅವರ ಹೆಸರು ಬಂತು. ಆ ಆಟದ ಬೆಲೆ ಮೊಣಕಾಲು ತೆತ್ತಿತು. 1976ರಲ್ಲಿ ನಿವೃತ್ತರಾದರು. ಅವರು ತೊಡುತ್ತಿದ್ದ 4ನೇ ನಂಬರಿನ ಅಂಗಿಯನ್ನು ಮತ್ತೆ ಯಾರಿಗೂ ಕೊಡುವುದಿಲ್ಲವೆಂದು ಬುಲ್ಸ್ ತೀರ್ಮಾನಿಸಿತು. ಆ ತಂಡದಲ್ಲಿ ಅಂಥ ಗೌರವ ಪಡೆದ ಮೊದಲಿಗರು ಅವರೇ. ಅದೇ ತಂಡದ ಮಹಾತಾರೆ ಮೈಕೆಲ್ ಜೋರ್ಡನ್ ಬಂದದ್ದು ಎಷ್ಟೋ ವರ್ಷಗಳ ನಂತರ.

ಇನ್ನು ನೀವು ಕೇಳಿದ ಭಾಗ. 1977ರಲ್ಲಿ ಸ್ಲೋನ್ ಓದಿದ ಇವಾನ್ಸ್‌ವಿಲ್ ಕಾಲೇಜೇ ಅವರನ್ನು ಕೋಚ್ ಆಗಿ ಕರೆಯಿತು. ಒಪ್ಪಿಕೊಂಡರು, ಐದೇ ದಿನಕ್ಕೆ ಸ್ವಂತ ಕಾರಣ ಹೇಳಿ ಹಿಂದೆ ಸರಿದರು. ಅದೇ ವರ್ಷ ಡಿಸೆಂಬರ್ 13ರಂದು ಆ ಕಾಲೇಜಿನ ತಂಡ ಹೊರಟಿದ್ದ ವಿಮಾನ ನೆಲಕ್ಕಪ್ಪಳಿಸಿತು. ಕೋಚ್, ಆಟಗಾರರು ಸೇರಿ ವಿಮಾನದಲ್ಲಿದ್ದ 29 ಮಂದಿಯೂ ಸತ್ತರು. ಈ ಸಂಗತಿಗೆ ನಾನು ಯಾವ ಅರ್ಥವನ್ನೂ ಹಚ್ಚಲಾರೆ. ಅವರ ಬದುಕನ್ನು ಹೇಳುವವರು ಇದನ್ನು ಬಿಟ್ಟು ಹೇಳಲಾಗದು, ಅಷ್ಟೆ.

1979ರಲ್ಲಿ ಬುಲ್ಸ್ ತಂಡವೇ ಅವರನ್ನು ಮುಖ್ಯ ಕೋಚ್ ಮಾಡಿತು. ತಾನು ಬೆಳೆಸಿದ ತಂಡ, ತನ್ನನ್ನು ಹೊತ್ತು ಮೆರೆಸಿದ ಊರು. ಆದರೂ ಮೂರು ವರ್ಷವೂ ತುಂಬಲಿಲ್ಲ. ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚಾಗಿ 1982ರಲ್ಲಿ ಕೆಲಸ ಹೋಯಿತು. ಡಿಫೆನ್ಸ್‌ನಲ್ಲಿ ಅಷ್ಟು ಹೆಸರು ಮಾಡಿದವರು ಅದೇ ಊರಿನಲ್ಲಿ ಕೋಚ್ ಆಗಿ ಸೋತರು. ಬೇರೆಯವರಾಗಿದ್ದರೆ ಊರಿಗೆ ಹೋಗಿ ಹೊಲ ನೋಡಿಕೊಳ್ಳುತ್ತಿದ್ದರೇನೋ. ಸ್ಲೋನ್ ಮೆಟ್ಟಿಲಿಳಿದು ಕೆಳಗಿನಿಂದ ಮತ್ತೆ ಹತ್ತಿದರು. ಊರೂರು ತಿರುಗಿ ಎಳೆಯ ಆಟಗಾರರನ್ನು ನೋಡಿ ವರದಿ ಬರೆಯುವ ಕೆಲಸ ಮಾಡಿದರು. ಆಮೇಲೆ ಯೂಟಾ ಜಾಝ್ ತಂಡದಲ್ಲಿ ಫ್ರಾಂಕ್ ಲೇಡನ್ ಎಂಬ ಕೋಚ್‌ಗೆ ಸಹಾಯಕರಾದರು. ಲೇಡನ್ ಎನ್‌ಬಿಎಯಲ್ಲಿ ಆಟಗಾರರಾಗಿದ್ದವರಲ್ಲ. ಆದರೆ ಮನುಷ್ಯರನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದು ಬಲ್ಲವರು. ಹೆಸರಾಂತ ಆಟಗಾರನೊಬ್ಬ, ಒಮ್ಮೆ ಮುಖ್ಯ ಕೋಚ್ ಆಗಿದ್ದವನು, ಅವರ ಪಕ್ಕದ ಕುರ್ಚಿಯಲ್ಲಿ ವರ್ಷಾನುಗಟ್ಟಲೆ ಕೂತು ನೋಡಿದ, ಕೇಳಿದ, ಬರೆದುಕೊಂಡ. ಆಟಗಾರ ಕೋಚ್ ಆಗುವುದು ಹೇಗೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಪಕ್ಕದ ಕುರ್ಚಿಯಲ್ಲಿದೆ. ಆಡಲು ಕಲಿತದ್ದು ಒಂದು ಶಿಷ್ಯವೃತ್ತಿಯಾದರೆ ಕಲಿಸಲು ಕಲಿಯುವುದು ಎರಡನೆಯದು. ಮೊದಲನೆಯದರಲ್ಲಿ ಪಡೆದ ಪದಕಗಳನ್ನು ಹೊರಗಿಟ್ಟು ಎರಡನೆಯದಕ್ಕೆ ಕಾಲಿಡಬೇಕು. ಬಹಳ ಜನಕ್ಕೆ ಅದು ಆಗದು.

1988ರ ಡಿಸೆಂಬರ್ 9ರಂದು ಲೇಡನ್ ರಾಜೀನಾಮೆ ಕೊಟ್ಟರು, ಸ್ಲೋನ್ ಮುಖ್ಯ ಕೋಚ್ ಆದರು. 2011ರ ಫೆಬ್ರುವರಿ 10ರವರೆಗೆ ಅದೇ ಊರು, ಅದೇ ತಂಡ. ಅಷ್ಟರಲ್ಲಿ ಎನ್‌ಬಿಎಯ ಉಳಿದ ತಂಡಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಕೋಚ್‌ಗಳು ಬದಲಾಗಿದ್ದರು. ಸ್ಲೋನ್ ಕೈಗೆ ಸಿಕ್ಕ ಇಬ್ಬರು ಆಟಗಾರರು ಜಾನ್ ಸ್ಟಾಕ್ಟನ್ ಮತ್ತು ಕಾರ್ಲ್ ಮಲೋನ್. ಇವರಿಬ್ಬರ ಮುಖ್ಯ ಅಸ್ತ್ರ ಪಿಕ್ ಅಂಡ್ ರೋಲ್. ಸ್ಟಾಕ್ಟನ್ ಚೆಂಡು ಹಿಡಿದು ಬರುತ್ತಾರೆ, ಅವರನ್ನು ಕಾಯುತ್ತಿರುವ ಎದುರಾಳಿಗೆ ಮಲೋನ್ ಬಂದು ಅಡ್ಡ ನಿಲ್ಲುತ್ತಾರೆ, ಎದುರಾಳಿ ತಡವರಿಸಿದ ಕ್ಷಣಕ್ಕೆ ಮಲೋನ್ ತಿರುಗಿ ರಿಂಗಿನ ಕಡೆ ಓಡುತ್ತಾರೆ, ಚೆಂಡು ಅವರ ಕೈಗೆ ಬಂದಿರುತ್ತದೆ. ಹೈಸ್ಕೂಲ್ ಮಕ್ಕಳಿಗೂ ಕಲಿಸುವ ವರಸೆ ಇದು. ಎದುರಿನ ತಂಡಕ್ಕೆ ಇದು ಬರುತ್ತದೆಂದು ಮೊದಲೇ ಗೊತ್ತಿರುತ್ತಿತ್ತು, ತಡೆಯಲು ಮಾತ್ರ ಆಗುತ್ತಿರಲಿಲ್ಲ. ಹೊಸ ಹೊಸ ತಂತ್ರಗಳ ಹಿಂದೆ ಓಡದೆ ಹಳೆಯದನ್ನೇ ಸಾವಿರ ಸಲ ಮಾಡಿಸಿ ಸಾಣೆ ಹಿಡಿದದ್ದು ಸ್ಲೋನ್. ಎನ್‌ಬಿಎ ಇತಿಹಾಸದಲ್ಲಿ ಅತಿ ಹೆಚ್ಚು ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿ ಮಾಡಿಕೊಡುವ ಪಾಸ್) ಕೊಟ್ಟ ದಾಖಲೆ ಇಂದಿಗೂ ಸ್ಟಾಕ್ಟನ್ ಹೆಸರಿನಲ್ಲಿದೆ: 15,806. ಅಭ್ಯಾಸದ ಹೊತ್ತಿನಲ್ಲೂ ಆಟಗಾರರ ಅಂಗಿ ಚಡ್ಡಿಯೊಳಗೇ ಇರಬೇಕೆಂದು ಸ್ಲೋನ್ ಪಟ್ಟು ಹಿಡಿಯುತ್ತಿದ್ದರು. ಕೋಟಿಗಟ್ಟಲೆ ಸಂಬಳದ ಆಟಗಾರರು ಅದನ್ನು ಪಾಲಿಸಿದರು.

1997 ಮತ್ತು 1998, ಎರಡೂ ವರ್ಷ ಯೂಟಾ ಫೈನಲ್ ತಲುಪಿತು. ಎರಡೂ ಸಲ ಸೋತದ್ದು ಷಿಕಾಗೊ ಬುಲ್ಸ್‌ಗೆ, ಸ್ಲೋನ್ ಆಡಿದ ತಂಡಕ್ಕೆ. 1998ರ ಜೂನ್ 14ರ ಪಂದ್ಯದಲ್ಲಿ ಇನ್ನು ಐದು ಸೆಕೆಂಡ್ ಉಳಿದಿದೆ ಎನ್ನುವಾಗ ಜೋರ್ಡನ್ ಹಾಕಿದ ಬುಟ್ಟಿಯನ್ನು ಜಗತ್ತೆಲ್ಲ ನೋಡಿದೆ. ಎದುರಿನ ಬೆಂಚಿನಲ್ಲಿ ನಿಂತಿದ್ದವರು ಸ್ಲೋನ್. ಅವರಿಗೆ ಎನ್‌ಬಿಎ ಪ್ರಶಸ್ತಿ ಒಮ್ಮೆಯೂ ಸಿಗಲಿಲ್ಲ. ವರ್ಷದ ಅತ್ಯುತ್ತಮ ಕೋಚ್ ಎಂಬ ಬಿರುದೂ ಒಮ್ಮೆಯೂ ಸಿಗಲಿಲ್ಲ.

ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಫೈನಲ್‌ಗಳದ್ದಲ್ಲ, 2003–04ರದ್ದು. ಸ್ಟಾಕ್ಟನ್ ನಿವೃತ್ತರಾಗಿದ್ದರು, ಮಲೋನ್ ಬೇರೆ ತಂಡಕ್ಕೆ ಹೋಗಿದ್ದರು. ಉಳಿದವರು ಹೆಚ್ಚಾಗಿ ಎಳೆಯರು. ಈ ತಂಡ ಲೀಗಿನಲ್ಲೇ ಕೊನೆಯದಾಗುತ್ತದೆ ಎಂದು ಪತ್ರಿಕೆಗಳು ಬರೆದವು. 82 ಪಂದ್ಯಗಳಲ್ಲಿ ಸ್ಲೋನ್ ಅವರಿಂದ 42 ಗೆಲ್ಲಿಸಿದರು. ಎರಡು ರತ್ನಗಳಿದ್ದಾಗ ಯಾರೂ ಗೆಲ್ಲಬಹುದು ಎಂದು ಗೊಣಗುತ್ತಿದ್ದವರ ಬಾಯಿ ಆ ವರ್ಷ ಮುಚ್ಚಿತು. ಒಟ್ಟು 1,221 ಗೆಲುವು; ಅದರಲ್ಲಿ ಯೂಟಾದಲ್ಲೇ 1,127. 2009ರಲ್ಲಿ ಜೋರ್ಡನ್ ಮತ್ತು ಸ್ಟಾಕ್ಟನ್ ಜೊತೆಗೇ ಬಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿದರು. ಇಷ್ಟಾದರೂ ಮೆಕ್‌ಲೀನ್ಸ್‌ಬರೊದ ಜಮೀನನ್ನು ಬಿಡಲಿಲ್ಲ. ಹಳೆಯ ಟ್ರ್ಯಾಕ್ಟರ್‌ಗಳನ್ನು ಹುಡುಕಿ ತಂದು ಸೇರಿಸಿಡುವ ಹುಚ್ಚು ಅವರಿಗೆ. ಪಾರ್ಕಿನ್ಸನ್ ಕಾಯಿಲೆ ಮತ್ತು ಮರೆವಿನ ರೋಗದಿಂದ ನರಳಿ 2020ರ ಮೇ 22ರಂದು ತೀರಿಕೊಂಡರು.

ದೊಡ್ಡ ಆಟಗಾರನೇ ದೊಡ್ಡ ಕೋಚ್ ಆಗುತ್ತಾನೆಯೇ ಎಂದಿರಿ. ಮ್ಯಾಜಿಕ್ ಜಾನ್ಸನ್ ಅವರಿಗಿಂತ ದೊಡ್ಡ ಆಟಗಾರರು ಯಾರಿದ್ದಾರೆ? 1994ರಲ್ಲಿ ತಮ್ಮದೇ ಲೇಕರ್ಸ್ ತಂಡಕ್ಕೆ ಕೋಚ್ ಆದರು. 16 ಪಂದ್ಯಗಳಲ್ಲಿ 5 ಗೆದ್ದು 11 ಸೋತು, ಇದು ನನ್ನ ಕೆಲಸವಲ್ಲ ಎಂದು ಬಿಟ್ಟುಬಿಟ್ಟರು. ಅದೇ ಫಿಲ್ ಜಾಕ್ಸನ್ ನ್ಯೂಯಾರ್ಕ್ ತಂಡದಲ್ಲಿ ಹೆಚ್ಚಿನ ಹೊತ್ತು ಬೆಂಚಿನಲ್ಲಿ ಕೂತಿದ್ದವರು, ಕೋಚ್ ಆಗಿ 11 ಪ್ರಶಸ್ತಿ ಗೆದ್ದರು. ಅಪ್ರತಿಮ ಆಟಗಾರನಿಗೆ ಎಷ್ಟೋ ಸಂಗತಿ ಯೋಚಿಸದೆಯೇ ಮೈಗೆ ಬಂದುಬಿಟ್ಟಿರುತ್ತದೆ. ಬಾರದವನಿಗೆ ಅದನ್ನು ಬಿಡಿಸಿ ಹೇಳು ಎಂದರೆ ಮಾತು ಸಿಗುವುದಿಲ್ಲ. ಕಷ್ಟಪಟ್ಟು ಕಲಿತವನಿಗೆ ಪ್ರತಿ ಮೆಟ್ಟಿಲೂ ನೆನಪಿರುತ್ತದೆ. ಹಾಗೆಂದು ಇದನ್ನೇ ನಿಯಮ ಮಾಡಿಕೊಳ್ಳಬೇಡಿ. ಬಿಲ್ ರಸೆಲ್ ಆಟಗಾರರಲ್ಲೇ ಶಿಖರ. 1966ರಲ್ಲಿ ಬಾಸ್ಟನ್ ತಂಡ ಅವರನ್ನು ಆಡುತ್ತಲೇ ಆಡಿಸುವ ಕೋಚ್ ಮಾಡಿತು. ಎನ್‌ಬಿಎಯ ಮೊದಲ ಕಪ್ಪು ಜನಾಂಗದ ಮುಖ್ಯ ಕೋಚ್ ಅವರು, 1968 ಮತ್ತು 1969ರಲ್ಲಿ ಪ್ರಶಸ್ತಿ ಗೆದ್ದರು. ನಿಮ್ಮ ತಂಗಿಯ ಮಗಳಿಗೆ ಬೆಕಿ ಹ್ಯಾಮನ್ ಹೆಸರನ್ನೂ ಹೇಳಿ. 1999ರಲ್ಲಿ ಮಹಿಳೆಯರ ಡಬ್ಲ್ಯುಎನ್‌ಬಿಎಯಲ್ಲಿ ಯಾವ ತಂಡವೂ ಆಕೆಯನ್ನು ಆರಿಸಲಿಲ್ಲ. ಛಲದಿಂದ ಆಡಿ ಹೆಸರು ಮಾಡಿದರು. 2014ರಲ್ಲಿ ಪುರುಷರ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ ಸಹಾಯಕ ಕೋಚ್ ಆದರು, 2022ರಲ್ಲಿ ಲಾಸ್ ವೇಗಸ್ ಮಹಿಳಾ ತಂಡದ ಹೊಣೆ ಹೊತ್ತ ಮೊದಲ ವರ್ಷವೇ ಪ್ರಶಸ್ತಿ ಗೆದ್ದರು. ಅವರಿಗೂ ಎಂಟು ವರ್ಷ ಪಕ್ಕದ ಕುರ್ಚಿ ತಪ್ಪಲಿಲ್ಲ.

ಅಷ್ಟಕ್ಕೂ ಕೋಚ್ ಮಾಡುವ ಕೆಲಸವೇನು? ಕೂಗುವುದು ಕಣ್ಣಿಗೆ ಕಾಣುವ ಭಾಗ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪಂದ್ಯ 40 ನಿಮಿಷ, ಅಂಗಳದಲ್ಲಿ ಒಮ್ಮೆಗೆ 5 ಜನ. ಅಂದರೆ ಕೋಚ್ ಕೈಯಲ್ಲಿರುವುದು 200 ನಿಮಿಷ. ಅದನ್ನು 12 ಮಂದಿಗೆ ಹಂಚಬೇಕು. ಯಾರಿಗೆ 35, ಯಾರಿಗೆ 4, ಯಾರಿಗೆ ಸೊನ್ನೆ? ಸೊನ್ನೆ ಪಡೆದವಳು ಮುನಿಸಿಕೊಳ್ಳದೆ ನಾಳೆ ಬೆಳಿಗ್ಗೆ ಆರಕ್ಕೆ ಅಭ್ಯಾಸಕ್ಕೆ ಬರಬೇಕು, ಬಂದು ಪೂರ್ತಿ ಮೈಬಗ್ಗಿಸಿ ಓಡಬೇಕು. ಈ ಹಂಚಿಕೆಯ ನ್ಯಾಯವನ್ನು ಆಟಗಾರರು ಒಪ್ಪಿದರೆ ತಂಡ ನಿಲ್ಲುತ್ತದೆ. ಆಡುವಾಗ ತನ್ನ ನಿಮಿಷಗಳ ಬಗ್ಗೆ ಮಾತ್ರ ಯೋಚಿಸಿದವನು ಈಗ ಎಲ್ಲರ ನಿಮಿಷಗಳನ್ನು ಹೊರಬೇಕು. ಇಲ್ಲೇ ಹಳೆಯ ತಾರೆಯರು ಸೋಲುವುದು.

ಭಾರತದ ನಂಟು ಹೇಳಿದೆನಲ್ಲ, ಅವರು ಕೆನ್ನಿ ನ್ಯಾಟ್. ಅವರ ಅಣ್ಣ ಕ್ಯಾಲ್ವಿನ್ ನ್ಯಾಟ್ 1985ರಲ್ಲಿ ಎನ್‌ಬಿಎ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ ಆಟಗಾರ. ಕೆನ್ನಿಯ ಆಟದ ಬದುಕು ತೀರ ಚಿಕ್ಕದು, ಎನ್‌ಬಿಎಯಲ್ಲಿ ಅವರಿಗೆ ನೆಲೆ ಸಿಗಲೇ ಇಲ್ಲ. ಅದೇ ಕೆನ್ನಿ ಯೂಟಾದಲ್ಲಿ ಸ್ಲೋನ್ ಪಕ್ಕ ಕೂತು ಕಲಿತು, 2008–09ರಲ್ಲಿ ಸ್ಯಾಕ್ರಮೆಂಟೊ ತಂಡಕ್ಕೆ ಹಂಗಾಮಿ ಮುಖ್ಯ ಕೋಚ್ ಆದರು, 2011ರಲ್ಲಿ ಭಾರತದ ಪುರುಷರ ತಂಡದ ಕೋಚ್ ಆಗಿ ಬಂದರು. ಅವರ ನಂತರ ಬಂದವರು ಸ್ಕಾಟ್ ಫ್ಲೆಮಿಂಗ್. 2014ರ ಜುಲೈನಲ್ಲಿ ಚೀನಾದ ವುಹಾನ್‌ನಲ್ಲೇ ಭಾರತ ಚೀನಾವನ್ನು 65–58ರಿಂದ ಸೋಲಿಸಿದ್ದು ಫ್ಲೆಮಿಂಗ್ ಕಾಲದಲ್ಲಿ. ಆ ಗೆಲುವು ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಸುದ್ದಿಯಾಗಿ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಈಗ ಕರ್ನಾಟಕ. ನಮ್ಮಲ್ಲಿ ವೃತ್ತಿಪರ ಬಾಸ್ಕೆಟ್‌ಬಾಲ್ ಎಂಬುದು ನಿಂತು ಬೇರು ಬಿಟ್ಟಿಲ್ಲ. 2015ರಿಂದ 2017ರವರೆಗೆ ಯುಬಿಎ ಎಂಬ ಲೀಗ್ ನಡೆಯಿತು, ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. ಲೀಗ್ ನಿಂತುಹೋಯಿತು. 2022ರಲ್ಲಿ ಐಎನ್‌ಬಿಎಲ್ ಎಂಬ ಇನ್ನೊಂದು ಲೀಗ್ ಬಂತು, ಬೆಂಗಳೂರು ಕಿಂಗ್ಸ್ ಎಂಬ ತಂಡ ಆಡಿತು. ಇಂಥವನ್ನು ನಂಬಿ ಸಂಸಾರ ನಡೆಸಲಾಗದು. ನಮ್ಮ ಆಟಗಾರರ ನಿಜವಾದ ಅನ್ನ ಬ್ಯಾಂಕು, ರೈಲ್ವೆ, ಪೊಲೀಸ್, ಸೇನೆಯ ಕ್ರೀಡಾ ಕೋಟಾ. ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡ ವರ್ಷಾನುಗಟ್ಟಲೆ ರಾಜ್ಯದ ಒಳ್ಳೆಯ ಆಟಗಾರರಿಗೆ ನೌಕರಿ ಕೊಟ್ಟಿತು. 2019ರ ಏಪ್ರಿಲ್ 1ರಂದು ಆ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಇನ್ನು ಆಟ ಬೆಳೆದದ್ದು ಮಲ್ಲೇಶ್ವರದ ಬೀಗಲ್ಸ್, ಬಸವನಗುಡಿಯ ಎಂ.ಎನ್.ಕೆ. ರಾವ್ ಪಾರ್ಕ್ ಮುಂತಾದ ಕ್ಲಬ್ಬುಗಳ ಅಂಗಳಗಳಲ್ಲಿ. ಬಹುಪಾಲು ಬೆಂಗಳೂರಿನ ಹಳೆಯ ಬಡಾವಣೆಗಳ ಒಳಗೇ ಉಳಿದ ಆಟ ಇದು.

ಬೆಂಗಳೂರಿನಲ್ಲೇ, ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, 2017ರ ಜುಲೈ 29ರಂದು ಭಾರತದ ಮಹಿಳೆಯರು ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಗೆದ್ದರು. ಕರ್ನಾಟಕದ ಪಿ.ಯು. ನವನೀತಾ ಆ ತಂಡದಲ್ಲಿದ್ದರು. ಕೋಚ್ ಸರ್ಬಿಯಾದ ಝೊರಾನ್ ವಿಸಿಕ್. ನಮ್ಮ ಹೆಣ್ಣುಮಕ್ಕಳು ಏಷ್ಯಾದ ಮಟ್ಟದಲ್ಲಿ ಗೆಲ್ಲಬಲ್ಲರು ಎಂಬುದು ಆ ದಿನ ಕಣ್ಣಾರೆ ಕಂಡ ಸತ್ಯ. ಆದರೆ ಆಡಿದ ನಮ್ಮವರಲ್ಲಿ ಎಷ್ಟು ಜನ ಆ ಬೆಂಚಿನ ಮುಖ್ಯ ಕುರ್ಚಿಗೆ ತಲುಪುತ್ತಾರೆ?

ಇದು ನನ್ನನ್ನು ಬಹಳ ಕಾಲದಿಂದ ಕೊರೆಯುತ್ತಿರುವ ವಿಷಯ. ಕ್ರೀಡಾ ಕೋಟಾ ದೊಡ್ಡ ಉಪಕಾರ ಮಾಡಿದೆ. ಬಡಮನೆಯ ಮಕ್ಕಳಿಗೆ ಸಂಬಳ, ಪಿಂಚಣಿ, ಮನೆ ಕೊಟ್ಟಿದೆ. ಆದರೆ ಮೂವತ್ತು–ಮೂವತ್ತೆರಡಕ್ಕೆ ಆಟ ಮುಗಿದ ಮೇಲೆ ಆ ಆಟಗಾರ್ತಿ ಬ್ಯಾಂಕಿನ ಕೌಂಟರಿಗೋ ರೈಲ್ವೆ ಕಚೇರಿಯ ಮೇಜಿಗೋ ಮರಳುತ್ತಾಳೆ. ಹದಿನೈದು ವರ್ಷ ದೇಶದ ಒಳ್ಳೊಳ್ಳೆಯ ತಂಡಗಳೆದುರು ಆಡಿ ಗಳಿಸಿದ ತಿಳಿವಳಿಕೆ ಕಡತಗಳ ನಡುವೆ ಕೂರುತ್ತದೆ. ಅವಳಿಗೆ ಕಲಿಸುವ ಆಸೆ ಇದ್ದರೂ ಖಾಯಂ ನೌಕರಿ ಬಿಟ್ಟು ಗುತ್ತಿಗೆಯ ಕೋಚ್ ಕೆಲಸಕ್ಕೆ ಬಾ ಎಂದರೆ ಯಾವ ಸಂಸಾರಸ್ಥೆ ಬರುತ್ತಾಳೆ? ಅವಳದ್ದು ತಪ್ಪಲ್ಲ. ಬ್ಯಾಂಕುಗಳು, ರೈಲ್ವೆ ತಮ್ಮ ನಿವೃತ್ತ ಆಟಗಾರರನ್ನು ಸಂಬಳ ಸಹಿತ ಎರಡು–ಮೂರು ವರ್ಷ ಜಿಲ್ಲೆಗಳಿಗೆ ಕೋಚ್ ಆಗಿ ಎರವಲು ಕೊಡಬಹುದು. ಮೊದಲ ವರ್ಷ ಅನುಭವಿ ಕೋಚ್ ಒಬ್ಬರ ಪಕ್ಕ ಸಹಾಯಕರಾಗಿ ಕೂರಿಸಬಹುದು. ಹೊಸ ಕಾಯ್ದೆ ಬೇಡ, ದೊಡ್ಡ ಹಣ ಬೇಡ. ಅಧಿಕಾರದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ.

ಈ ಅಡ್ಡಿಯನ್ನು ದಾಟಿದವರೂ ಇದ್ದಾರೆ. ಚೆನ್ನೈನ ಅನಿತಾ ಪೌಲ್‌ದುರೈ ದಕ್ಷಿಣ ರೈಲ್ವೆಯ ಉದ್ಯೋಗಿ. ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಒಂಬತ್ತು ಬಾರಿ ಭಾರತಕ್ಕೆ ಆಡಿದವರು, ತಾಯಿಯಾದ ಮೇಲೂ ತಂಡಕ್ಕೆ ಮರಳಿದವರು. ಅವರು ಕೋಚಿಂಗ್‌ಗೆ ಬಂದರು, 2021ರಲ್ಲಿ ಪದ್ಮಶ್ರೀ ಬಂತು. ಹರಿಯಾಣದ ಕರ್ನಾಲ್‌ನ ಶೀಬಾ ಮಗ್ಗೋನ್ ಭಾರತಕ್ಕೆ ಆಡಿದರು, ಅಂತರರಾಷ್ಟ್ರೀಯ ರೆಫರಿಯಾದರು, ಕೋಚ್ ಕೂಡ ಆದರು. ರೆಫರಿಯ ಸೀಟಿ ಹಿಡಿದು ಆಟವನ್ನು ಮಧ್ಯದಿಂದ ನೋಡಿದವರಿಗೆ ನಿಯಮದ ಸೂಕ್ಷ್ಮ ಕೋಚ್‌ಗಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ದಾರಿಯನ್ನು ನಮ್ಮ ಹುಡುಗಿಯರು ಹೆಚ್ಚು ಹಿಡಿಯಬೇಕೆಂಬುದು ನನ್ನ ಆಸೆ.

ಕೋಚ್ ಆಗಲು ಬೇಕಾದ ಓದು ಇಷ್ಟು: 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇಂದಿಗೂ ಸರ್ಕಾರಿ ಕೋಚ್ ಹುದ್ದೆಗಳಿಗೆ ಮುಖ್ಯ ಅರ್ಹತೆ. ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಇದೆ, ಅದು ಆರಂಭಕ್ಕೆ ಸಾಕು. ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಬೇಕೆಂದರೆ ಬಿ.ಪಿ.ಎಡ್. ಬೇಕು. ಹಳ್ಳಿಯ ಮಟ್ಟಿಗೆ ನಾನು ಬಿ.ಪಿ.ಎಡ್. ಮಾಡಿ ಆಮೇಲೆ ಪಟಿಯಾಲಕ್ಕೆ ಹೋಗುವುದನ್ನೇ ಹೇಳುತ್ತೇನೆ. ಕೆಲಸ ಖಾಯಂ, ದಿನವೂ ಮಕ್ಕಳು ಎದುರಿಗೆ.

ಕೊನೆಯ ಪ್ರಶ್ನೆ, ನಿಮ್ಮ ತಂಗಿಯ ಮಗಳದ್ದು. ಖಂಡಿತ ಹಚ್ಚಿ. ನಾಗಲಮಡಿಕೆಯಿಂದ ಜಿಲ್ಲಾ ಕೇಂದ್ರ ತುಮಕೂರು ನೂರು ಕಿಲೋಮೀಟರಿಗೂ ಆಚೆ. ಪಾವಗಡದ ಮೂರು ಕಡೆಗೂ ಆಂಧ್ರ. ದಿನವೂ ಹೋಗಿ ಬಂದು ಕಲಿಯುವ ಮಾತಿಲ್ಲ. ಅವಳು ಏಳನೇ ತರಗತಿಯಲ್ಲಿರುವುದು ಒಳ್ಳೆಯ ಸಮಯ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಿರಿಯರ ಕ್ರೀಡಾ ವಸತಿ ನಿಲಯಗಳಿಗೆ ಎಂಟನೇ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಊಟ, ವಸತಿ, ತರಬೇತಿ ಎಲ್ಲ ಇಲಾಖೆಯದ್ದು. ಆಯ್ಕೆಯ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ, ನಿಮ್ಮ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಈಗಲೇ ಹೇಳಿಟ್ಟಿರಿ. ಆಯ್ಕೆಯಲ್ಲಿ ಎತ್ತರದ ಜೊತೆಗೆ ಓಟ, ಜಿಗಿತವನ್ನೂ ನೋಡುತ್ತಾರೆ. ಕಬಡ್ಡಿ, ಖೊಖೊ ಆಡಿದ ಕಾಲು ಇದಕ್ಕೆ ಬಹಳ ಉಪಯೋಗ. ಡಿಫೆನ್ಸ್‌ನ ಪಕ್ಕದ ಹೆಜ್ಜೆ ಕಬಡ್ಡಿಯವರಿಗೆ ಬೇಗ ಒಲಿಯುತ್ತದೆ.

ಹಾಸ್ಟೆಲ್ ಸಿಗದಿದ್ದರೆ ಊರಲ್ಲೇ ಅಂಗಳ ಮಾಡಿಸಿ. ಬಾಸ್ಕೆಟ್‌ಬಾಲ್ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತ ಎರಡು ಮೀಟರ್ ಬಿಟ್ಟರೆ ಆರು ಗುಂಟೆ ಜಾಗ. ನಿಮ್ಮ ಹೋಬಳಿಯ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಸುತ್ತ 13,000 ಎಕರೆಯಲ್ಲಿ ಸೋಲಾರ್ ಫಲಕ ಹಾಸಿದ್ದಾರೆ, 2,050 ಮೆಗಾವ್ಯಾಟ್ ವಿದ್ಯುತ್ ಅಲ್ಲಿಂದ ಬರುತ್ತದೆ. ಅಲ್ಲಿರುವ ಕಂಪನಿಗಳು ಕಾಯ್ದೆ ಪ್ರಕಾರ ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮತ್ತು ಗ್ರಾಮ ಪಂಚಾಯಿತಿ ಠರಾವು ಮಾಡಿ, ಶಾಲೆಯ ಹಿಂದಿನ ಆರು ಗುಂಟೆಗೆ ಕಾಂಕ್ರೀಟ್ ಹಾಸಿಕೊಡಿ ಎಂದು ಬರೆದು ಕೇಳಲಿ. ಅಷ್ಟು ಎಕರೆ ಕೊಟ್ಟ ಊರುಗಳಿಗೆ ಆರು ಗುಂಟೆ ಕೇಳುವ ಹಕ್ಕು ಪೂರ್ತಿ ಇದೆ.

ಸಾಮಾನು ಕೊಳ್ಳುವಾಗ ಒಂದಿಷ್ಟು ಗಮನವಿರಲಿ. ಗಂಡಸರ ಚೆಂಡು 7ನೇ ಸೈಜಿನದು, ಅದನ್ನು ಕೊಡಬೇಡಿ. ಹೆಣ್ಣುಮಕ್ಕಳಿಗೆ 6ನೇ ಸೈಜು, ಹನ್ನೆರಡರ ಒಳಗಿನವರಿಗೆ 5ನೇ ಸೈಜು. ರಿಂಗಿನ ಎತ್ತರ ದೊಡ್ಡವರಿಗೆ 3.05 ಮೀಟರ್, ಪುಟ್ಟ ಮಕ್ಕಳಿಗೆ 2.60. ದೊಡ್ಡ ಚೆಂಡನ್ನು ಎತ್ತರದ ರಿಂಗಿಗೆ ಎಸೆಯಲು ಹೆಣಗುವ ಮಗು ಎರಡು ಕೈಯಲ್ಲಿ ಎದೆಯಿಂದ ತಳ್ಳುವುದನ್ನು ರೂಢಿ ಮಾಡಿಕೊಳ್ಳುತ್ತದೆ, ಆ ರೂಢಿಯನ್ನು ಮುಂದೆ ಬಿಡಿಸಲು ಕೋಚ್‌ಗೆ ಬಹಳ ಕಾಲ ಬೇಕು. ಕಂಬ ಮಾಡಿಸುವಾಗಲೇ ಬೋಲ್ಟ್ ಹಾಕಲು ಎರಡೂ ಎತ್ತರಕ್ಕೆ ತೂತು ಕೊರೆಸಿ. ವೆಲ್ಡಿಂಗ್ ಅಂಗಡಿಯವರಿಗೆ ಅದು ಅರ್ಧ ಗಂಟೆಯ ಕೆಲಸ.